ಎಲುಬಿಗೆ ಒಡಲು ಕೊಟ್ಟವನು

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ನೆಲ ತಾನು ಯುಗಯುಗಗಳಿಂದ ಹುದುಗಿಸಿಟ್ಟುಕೊಂಡಿದ್ದ ಗುಟ್ಟನ್ನು ಚೂರುಚೂರಾಗಿ ಬಿಟ್ಟುಕೊಡತೊಡಗಿತು. ಡಾರ್ಸೆಟ್ ಸೀಮೆಯ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಮೇರಿ ಆನಿಂಗ್ ಎಂಬ ಬಡ ಹುಡುಗಿ ಕುಸಿಯುವ ಬಂಡೆಗಳ ಬುಡದಲ್ಲಿ ಸುತ್ತಿಗೆ ಹಿಡಿದು ಅಲೆದು, ಮೀನೂ ಅಲ್ಲದ ಮೊಸಳೆಯೂ ಅಲ್ಲದ ಜೀವಿಗಳ ಅಸ್ಥಿಗಳನ್ನು ಬಿಡಿಸಿ ತಂದಳು. ಆಕ್ಸ್‌ಫರ್ಡ್ ಸೀಮೆಯ ಸ್ಟೋನ್ಸ್‌ಫೀಲ್ಡ್ ಗಣಿಗಳಿಂದ ಚೂರಿಯಂಥ ಹಲ್ಲುಗಳಿದ್ದ ದವಡೆಯೊಂದು ವಿಲಿಯಂ ಬಕ್‌ಲ್ಯಾಂಡನ ಕೈಸೇರಿತು. 1824ರಲ್ಲಿ ಅವನು ಆ ಪ್ರಾಣಿಗೆ ಮೆಗಲೋಸಾರಸ್ ಎಂದು ಹೆಸರಿಟ್ಟ. ಮರುವರ್ಷವೇ ಸಸೆಕ್ಸಿನ ಲೂಯಿಸ್ ಪಟ್ಟಣದ ವೈದ್ಯ ಗಿಡಿಯನ್ ಮ್ಯಾಂಟೆಲ್, ಸೊಪ್ಪು ಅರೆದು ಸವೆದಿದ್ದ ಕೆಲವು ದೊಡ್ಡ ಹಲ್ಲುಗಳನ್ನು ಮುಂದಿಟ್ಟುಕೊಂಡು ಇಗ್ವಾನೊಡಾನ್ ಎಂಬ ಸಸ್ಯಾಹಾರಿಯನ್ನು ಲೋಕಕ್ಕೆ ಪರಿಚಯಿಸಿದ. 1833ರಲ್ಲಿ ಅದೇ ವೈದ್ಯನಿಂದ ಮೂರನೆಯ ಹೆಸರು ಬಂತು, ಹೈಲಿಯೋಸಾರಸ್. ಈ ಮೂರನ್ನೂ ಒಂದೇ ಕುಲಕ್ಕೆ ಸೇರಿಸಿ 1842ರಲ್ಲಿ ಡೈನೋಸಾರಿಯಾ ಎಂದು ಕರೆದವನು ರಿಚರ್ಡ್ ಓವೆನ್, ಅಂದಿನ ಅಂಗರಚನಾಶಾಸ್ತ್ರಜ್ಞರಲ್ಲಿ ಅಗ್ರಗಣ್ಯ.

ಹೆಸರುಗಳಿದ್ದವು, ಎಲುಬುಗಳಿದ್ದವು, ವಿದ್ವತ್ಸಭೆಗಳ ವರದಿಗಳಿದ್ದವು. ಇಲ್ಲದೆ ಇದ್ದದ್ದು ಒಡಲು. ತೊಡೆಮೂಳೆಯ ಒಂದು ತುಂಡು, ನಾಲ್ಕು ಬೆನ್ನುಮಣಿ, ಒಂದು ಹಿಡಿ ಹಲ್ಲು, ಇಷ್ಟರಿಂದ ಆ ಜೀವ ಹೇಗೆ ನಿಂತಿತ್ತು, ಹೇಗೆ ನಡೆದಿತ್ತು ಎಂದು ಬಣ್ಣಿಸುವಾಗ ಪಂಡಿತರು ‘ಇದ್ದಿರಬಹುದು’, ‘ಇರಲಾರದು’ ಎಂಬ ಮಾತುಗಳ ಆಸರೆಯಲ್ಲಿ ಸಾಗುತ್ತಿದ್ದರು. ನಮ್ಮ ಜಬಲ್‌ಪುರದ ಗುಡ್ಡವೊಂದರಲ್ಲಿ 1828ರಲ್ಲಿ ಕಂಪನಿ ಸರ್ಕಾರದ ಅಧಿಕಾರಿ ಸ್ಲೀಮನ್ ಆರಿಸಿ ತಂದ ಎಲುಬುಗಳಂತೂ 1877ರಲ್ಲಿ ಭೂವಿಜ್ಞಾನಿ ಲೈಡೆಕರ್ ಟೈಟನೋಸಾರಸ್ ಎಂದು ಹೆಸರಿಡುವವರೆಗೆ ಅನಾಮಧೇಯವಾಗಿಯೇ ಉಳಿದವು. ಸಾಮಾನ್ಯ ಜನರ ಪಾಲಿಗೆ ಇವೆಲ್ಲ ಕಪಾಟಿನೊಳಗಿನ ಕಲ್ಲುಗಳು. ಆ ಕಲ್ಲುಗಳ ಮೇಲೆ ಮಾಂಸ ತುಂಬಿ, ಚರ್ಮ ಹೊದಿಸಿ, ಬಯಲಲ್ಲಿ ನಿಲ್ಲಿಸಿದವನು ಒಬ್ಬ ಶಿಲ್ಪಿ. ಅವನ ಹೆಸರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್.

1807ರ ಫೆಬ್ರವರಿ 8ರಂದು ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ಅವನ ಜನನ. ಶಿಲ್ಪವಿದ್ಯೆಯನ್ನು ವಿಲಿಯಂ ಬೆನ್ಸ್ ಎಂಬ ಹೆಸರಾಂತ ಶಿಲ್ಪಿಯ ಬಳಿ ಕಲಿತ. ಆ ಕಾಲದ ಶಿಲ್ಪಿಗಳು ಶ್ರೀಮಂತರ ಎದೆಮಟ್ಟದ ಪ್ರತಿಮೆ ಕಡೆದು, ಸಮಾಧಿಗಳಿಗೆ ದೇವತೆಗಳನ್ನು ಕೆತ್ತಿ ಬದುಕುತ್ತಿದ್ದರು. ಹಾಕಿನ್ಸ್‌ನ ಮನಸ್ಸು ಮಾತ್ರ ಇಪ್ಪತ್ತರ ಹರೆಯದಲ್ಲೇ ಪ್ರಾಣಿಗಳ ಕಡೆಗೆ ಹರಿಯಿತು. ನಿಸರ್ಗ ವಿಜ್ಞಾನವನ್ನು ಓದಿದ, ಭೂವಿಜ್ಞಾನವನ್ನು ಓದಿದ. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ ತಂದ ಜೀವಿಗಳ ವರ್ಣನೆ ಸಂಪುಟಗಳಾಗಿ ಹೊರಬಂದಾಗ, ಅವುಗಳಲ್ಲಿನ ಮೀನು ಮತ್ತು ಸರೀಸೃಪಗಳ ಕಲ್ಲಚ್ಚಿನ ಚಿತ್ರಗಳನ್ನು ಬರೆದದ್ದು ಇವನ ಕೈ. 1842ರಿಂದ ಕೆಲವು ವರ್ಷ ಡರ್ಬಿಯ ಅರ್ಲ್‌ನ ನೋಸ್ಲಿ ಎಸ್ಟೇಟಿನ ಪ್ರಾಣಿಸಂಗ್ರಹದಲ್ಲಿ, ಬದುಕಿದ್ದ ಪ್ರಾಣಿಗಳ ಎದುರು ಕುಳಿತು ಚಿತ್ರ ಬರೆದ. ಮುಂದೆ ಅವನಿಗೆ ಒದಗಿದ ಮಹಾಕಾರ್ಯಕ್ಕೆ ಬೇಕಾದ ಶಿಕ್ಷಣ ನೋಸ್ಲಿಯಲ್ಲಿಯೇ ಆಯಿತೆಂದು ನನ್ನ ನಂಬಿಕೆ. ಪ್ರಾಣಿಯೊಂದು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವಾಗ ಭುಜದ ಚರ್ಮ ಎಲ್ಲಿ ಬಿಗಿಯುತ್ತದೆ, ಎಲ್ಲಿ ಜೋಲುತ್ತದೆ ಎಂಬುದು ಅಸ್ಥಿಪಂಜರ ನೋಡಿ ತಿಳಿಯುವ ಸಂಗತಿಯಲ್ಲ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನ ನಡೆಯಿತು. ತೋಟಗಾರಿಕೆಯಲ್ಲಿ ಪಳಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಅದಕ್ಕಾಗಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಸ್ಫಟಿಕದ ಅರಮನೆ, ಕ್ರಿಸ್ಟಲ್ ಪ್ಯಾಲೆಸ್, ಲೋಕವನ್ನು ಬೆರಗುಗೊಳಿಸಿತು. 1889ರಲ್ಲಿ ಅಡಿಗಲ್ಲು ಕಂಡ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆ ಆ ಬೆರಗಿನ ದೂರದ ಪ್ರತಿಫಲ. ಪ್ರದರ್ಶನ ಮುಗಿದ ಮೇಲೆ ಖಾಸಗಿ ಕಂಪನಿಯೊಂದು ಆ ಅರಮನೆಯನ್ನು ಬಿಚ್ಚಿ, ಊರ ಹೊರಗಿನ ಸಿಡೆನ್‌ಹ್ಯಾಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಕಟ್ಟಲು ಹೊರಟಿತು. ಅರಮನೆಯೊಳಗೆ ಮಾನವನ ನಾಗರಿಕತೆಗಳು, ಕೆಳಗಿನ ಉದ್ಯಾನದಲ್ಲಿ ಮಾನವನಿಗಿಂತ ಹಿಂದಿನ ಭೂಮಿ, ಹೀಗೆ ಯೋಜನೆ ರೂಪುಗೊಂಡಿತು. ಭೂವಿಜ್ಞಾನಿ ಆನ್‌ಸ್ಟೆಡ್‌ನ ಮಾರ್ಗದರ್ಶನದಲ್ಲಿ ನಿಜವಾದ ಶಿಲೆಗಳನ್ನು ತರಿಸಿ ಸ್ತರದ ಮೇಲೆ ಸ್ತರ ಜೋಡಿಸಿ ಕೃತಕ ಬಂಡೆಯಂಚು ಕಟ್ಟಿದರು. ಅದರ ಮುಂದೆ ಕೆರೆ, ಕೆರೆಯಲ್ಲಿ ದ್ವೀಪಗಳು. ಕಾಲಾನುಕ್ರಮದಲ್ಲಿ ಆ ದ್ವೀಪಗಳ ಮೇಲೆ ಅಳಿದುಹೋದ ಪ್ರಾಣಿಗಳು ನಿಲ್ಲಬೇಕು, ಅವು ಬದುಕಿದ್ದಾಗ ಇದ್ದಷ್ಟೇ ಗಾತ್ರದಲ್ಲಿ.

ಈ ಕೆಲಸದ ಶಾಸ್ತ್ರೀಯ ಹೊಣೆಗೆ ಮೊದಲು ಕರೆ ಹೋದದ್ದು ಮ್ಯಾಂಟೆಲ್‌ಗೆ. ಬದುಕು ಅವನನ್ನು ಆ ಹೊತ್ತಿಗೆ ಹಣ್ಣು ಮಾಡಿತ್ತು. 1841ರಲ್ಲಿ ಸಾರೋಟಿನ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾದಂದಿನಿಂದ ನೋವು ಅವನನ್ನು ಬಿಟ್ಟಿರಲಿಲ್ಲ. ದೇಹಸ್ಥಿತಿ ಸರಿಯಿಲ್ಲವೆಂದು ಅವನು ಆ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. 1852ರ ನವೆಂಬರಿನಲ್ಲಿ ತೀರಿಕೊಂಡ. ಸಲಹೆಗಾರನ ಸ್ಥಾನ ಓವೆನ್‌ಗೆ ಹೋಯಿತು. ಈ ಅದಲುಬದಲಿನ ಪರಿಣಾಮ ಇಂದಿಗೂ ಆ ಉದ್ಯಾನದಲ್ಲಿ ಕಣ್ಣಿಗೆ ಕಾಣುತ್ತದೆ. ಇಗ್ವಾನೊಡಾನಿನ ಮುಂಗಾಲುಗಳು ಹಿಂಗಾಲುಗಳಿಗಿಂತ ಸಣ್ಣವು ಎಂಬ ನಿಲುವಿಗೆ ಮ್ಯಾಂಟೆಲ್ ತನ್ನ ಕೊನೆಗಾಲದಲ್ಲಿ ಬಂದಿದ್ದ. ಓವೆನ್ನನ ದೃಷ್ಟಿಯಲ್ಲಿ ಡೈನೋಸಾರ್ ಎಂದರೆ ಕಂಬದಂಥ ನಾಲ್ಕು ಕಾಲುಗಳ ಮೇಲೆ ಭಾರವನ್ನು ಹೊತ್ತು ನಿಂತ, ಸಸ್ತನಿಗಳ ಘನತೆಯ ಪ್ರಾಣಿ. ಕೆರೆಯ ದಡದಲ್ಲಿ ಒಡಲು ಪಡೆದದ್ದು ಓವೆನ್ನನ ಪ್ರಾಣಿ. ಸತ್ತ ವೈದ್ಯನ ಮಾತೇ ಸತ್ಯಕ್ಕೆ ಹತ್ತಿರವಿತ್ತೆಂದು ತಿಳಿಯಲು ಒಂದು ತಲೆಮಾರು ಕಳೆಯಬೇಕಾಯಿತು.

1852ರ ಸೆಪ್ಟೆಂಬರಿನಲ್ಲಿ ಹಾಕಿನ್ಸ್ ಕೆಲಸಕ್ಕೆ ಕೈಹಚ್ಚಿದ. ಸಿಡೆನ್‌ಹ್ಯಾಮಿನ ಕೆಸರು ಬಯಲಿನಲ್ಲಿ ಮರದ ಶೆಡ್ಡೊಂದು ಅವನ ಶಿಲ್ಪಶಾಲೆಯಾಯಿತು. ಅವನ ಕ್ರಮ ಇದು: ಬ್ರಿಟಿಷ್ ಮ್ಯೂಸಿಯಂ, ಸರ್ಜನ್ನರ ಕಾಲೇಜು, ಭೂವಿಜ್ಞಾನ ಸಂಘ, ಇಲ್ಲೆಲ್ಲ ಇದ್ದ ಪಳೆಯುಳಿಕೆಗಳನ್ನು ಖುದ್ದು ಅಳೆಯುವುದು, ನಿಜಗಾತ್ರದ ಆರನೆಯ ಇಲ್ಲವೆ ಹನ್ನೆರಡನೆಯ ಒಂದು ಪಾಲಿನಷ್ಟು ಸಣ್ಣ ಮಾದರಿ ಮಾಡಿ ಓವೆನ್ನನ ಮುಂದಿಡುವುದು, ಅವನ ಟೀಕೆಗೆ ತಕ್ಕಂತೆ ತಿದ್ದುವುದು, ಬಳಿಕ ಜೇಡಿಮಣ್ಣಿನಲ್ಲಿ ಪೂರ್ಣಗಾತ್ರದ ಪ್ರಾಣಿಯನ್ನು ಕಟ್ಟಿ, ಅಚ್ಚು ತೆಗೆದು, ಅಚ್ಚಿನಿಂದ ಕೊನೆಯ ಮೂರ್ತಿಯನ್ನು ಎರೆಯುವುದು. ಹೇಳಲು ನಾಲ್ಕು ಮಾತು. ಮಾಡುವಾಗ ಕೆಲವು ಮೂರ್ತಿಗಳಿಗೆ 30 ಟನ್ ಜೇಡಿಮಣ್ಣು ಬೇಕಾಯಿತು. ಅಷ್ಟು ಭಾರವೆಲ್ಲ ನಾಲ್ಕು ಕಾಲುಗಳ ಮೇಲೆ ನಿಲ್ಲಬೇಕು. ಕಡೆಯುವ ಕಲ್ಲಿನಲ್ಲಾದರೆ ಶಿಲ್ಪಿ ಕಾಲುಗಳ ನಡುವೆ ಮರದ ಬೊಡ್ಡೆಯನ್ನೋ ಬಂಡೆಯನ್ನೋ ಉಳಿಸಿ ಆಸರೆ ಕೊಡುತ್ತಾನೆ. ಬದುಕಿದ್ದ ಪ್ರಾಣಿಗೆ ಅಂಥ ಆಸರೆ ಇರಲಿಲ್ಲವಲ್ಲ, ತನ್ನ ಮೂರ್ತಿಗೂ ಅದು ಬೇಡ ಎಂದು ಹಾಕಿನ್ಸ್ ಹಟ ಹಿಡಿದ.

ನಿಂತ ಭಂಗಿಯ ಇಗ್ವಾನೊಡಾನಿನೊಳಗೆ ಏನೇನು ಹೋಗಿದೆ ಎಂಬುದರ ಲೆಕ್ಕವನ್ನು ಅವನು 1854ರ ಮೇ ತಿಂಗಳಲ್ಲಿ ಲಂಡನ್ನಿನ ಕಲೆಗಳ ಸಂಘದ ಸಭೆಯಲ್ಲಿ ಒಪ್ಪಿಸಿದ. ಒಂಬತ್ತು ಅಡಿ ಉದ್ದದ, ಏಳು ಅಂಗುಲ ದಪ್ಪದ ನಾಲ್ಕು ಕಬ್ಬಿಣದ ಕಂಬಗಳು, ಅವೇ ಕಾಲುಗಳು. ಅವುಗಳ ಮೇಲೆ 600 ಇಟ್ಟಿಗೆ, ಚರಂಡಿಗೆ ಬಳಸುವ ಅರೆವೃತ್ತಾಕಾರದ 650 ಹೆಂಚು, 900 ಸಾದಾ ಹೆಂಚು, 38 ಪೀಪಾಯಿ ಸಿಮೆಂಟು, 90 ಪೀಪಾಯಿ ಜಲ್ಲಿ. ಬಿಗಿಯಲು 100 ಅಡಿ ಕಬ್ಬಿಣದ ಪಟ್ಟಿ, 20 ಅಡಿ ಅಂಗುಲಚೌಕದ ಸರಳು. ನಾಲ್ಕು ಕಂಬದ ಮೇಲೆ ಮನೆ ಕಟ್ಟುವ ಕೆಲಸಕ್ಕೆ ಇದು ಕಡಿಮೆಯದಲ್ಲ ಎಂಬುದು ಅವನದೇ ಮಾತಿನ ಭಾವ. ಆ ದಿನದ ಉಪನ್ಯಾಸದ ವಿಷಯ ಕಣ್ಣಿನ ಮೂಲಕ ಭೂವಿಜ್ಞಾನದ ಶಿಕ್ಷಣ. ಓದು ಬಾರದ ಕೂಲಿಯವನೂ ಕೆರೆಯ ದಂಡೆಯಲ್ಲಿ ನಿಂತು ಭೂಮಿಯ ಚರಿತ್ರೆಯನ್ನು ಕಲಿಯಬಲ್ಲ ಎಂಬುದು ಅವನ ವಾದ. ಅವನ ಬದುಕಿನ ಸಕಲ ಶ್ರಮದ ಹಿಂದೆ ಇದ್ದ ಶ್ರದ್ಧೆಯೂ ಅದೇ.

ಇಟ್ಟಿಗೆ ಹೆಂಚುಗಳ ಈ ಲೆಕ್ಕ ಓದಿದಾಗ ನನಗೆ ಆ ಮನುಷ್ಯನ ಮೇಲೆ ಗೌರವ ಇಮ್ಮಡಿಸುತ್ತದೆ. ಪುರಾತನ ಜೀವವನ್ನು ಕಲ್ಪಿಸುವ ಕವಿಗಳು ಆ ಕಾಲದಲ್ಲಿ ಹಲವರಿದ್ದರು. ಚರಂಡಿಯ ಹೆಂಚು ಎಣಿಸಿ, ಪೀಪಾಯಿ ತೂಗಿ, ಅದನ್ನು ಮಳೆಗಾಳಿಗೆ ಜಗ್ಗದಂತೆ ನಿಲ್ಲಿಸಿದವನು ಒಬ್ಬನೇ.

1853ರ ಡಿಸೆಂಬರ್ 31. ವರ್ಷದ ಕೊನೆಯ ಸಂಜೆ. ಸಿಡೆನ್‌ಹ್ಯಾಮಿನ ಬಯಲಿಗೆ ಇಪ್ಪತ್ತೊಂದು ಮಂದಿ ಅತಿಥಿಗಳು ಬಂದರು. ಆಮಂತ್ರಣ ಪತ್ರಿಕೆಯನ್ನು ಹಾಕಿನ್ಸ್ ಟೆರೊಡಾಕ್ಟಿಲ್ ಎಂಬ ಹಾರುವ ಸರೀಸೃಪದ ರೆಕ್ಕೆಯ ಮೇಲೆ ಬರೆದಂತೆ ಚಿತ್ರಿಸಿ ಕಳುಹಿಸಿದ್ದ. ಭೋಜನದ ಮೇಜನ್ನು ಇಗ್ವಾನೊಡಾನಿನ ಅಚ್ಚಿನ ಹೊಟ್ಟೆಯೊಳಗೇ ಹಾಕಿಸಿದ್ದ. ಮೇಲೆ ಡೇರೆ, ದೀಪದ ಗೊಂಚಲು, ಸುತ್ತಲ ಬಟ್ಟೆಯ ಮೇಲೆ ಕ್ಯೂವಿಯೆ, ಬಕ್‌ಲ್ಯಾಂಡ್, ಮ್ಯಾಂಟೆಲ್, ಓವೆನ್ ಮುಂತಾದ ವಿದ್ವಾಂಸರ ಹೆಸರುಗಳು. ಓವೆನ್ ಪ್ರಾಣಿಯ ತಲೆಯ ಭಾಗದಲ್ಲಿ ಕುಳಿತ. ಭೂವಿಜ್ಞಾನಿ ಪ್ರೆಸ್ಟ್‌ವಿಚ್, ಪಕ್ಷಿಗಳ ಚಿತ್ರಸಂಪುಟಗಳಿಂದ ಹೆಸರಾದ ಜಾನ್ ಗೌಲ್ಡ್, ನಿಸರ್ಗ ವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ಇವರೆಲ್ಲ ಆ ಪಂಕ್ತಿಯಲ್ಲಿದ್ದರು. ಫೋರ್ಬ್ಸ್ ಈ ಸಂದರ್ಭಕ್ಕೆಂದೇ ಹಾಡು ಕಟ್ಟಿದ್ದ. ಊಟವಾದ ಮೇಲೆ ಪಂಡಿತರೆಲ್ಲ ಗಂಟಲೆತ್ತಿ ಪಲ್ಲವಿ ಹಾಡಿದರು. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಮರುವಾರವೇ ಆ ಔತಣದ ಚಿತ್ರ ಅಚ್ಚು ಹಾಕಿತು, ಊರೆಲ್ಲ ಅದೇ ಮಾತಾಯಿತು. ಮ್ಯಾಂಟೆಲ್ ಮಣ್ಣಾಗಿ ಆಗಲೇ ವರ್ಷ ಕಳೆದಿತ್ತು. ಅವನೇ ಹೆಸರಿಟ್ಟ ಪ್ರಾಣಿಯ ಹೊಟ್ಟೆಯಲ್ಲಿ ಅವನ ಪಾಲಿಗೆ ದೊರೆತದ್ದು ಬಟ್ಟೆಯ ಮೇಲಿನ ಹೆಸರು ಮಾತ್ರ.

1854ರ ಜೂನ್ 10ರಂದು ರಾಣಿ ವಿಕ್ಟೋರಿಯಾ ಸಿಡೆನ್‌ಹ್ಯಾಮಿನ ಅರಮನೆಯನ್ನು ಉದ್ಘಾಟಿಸಿದಳು. ಸುಮಾರು 40,000 ಜನ ಸೇರಿದ್ದರು. ಕೆರೆಯ ದ್ವೀಪಗಳ ಮೇಲೆ, ನೀರಂಚಿನಲ್ಲಿ, ಮೂವತ್ತಕ್ಕೂ ಮೀರಿದ ಮೂರ್ತಿಗಳು. ಜೀವವಿಕಾಸವನ್ನು ಕುರಿತ ಡಾರ್ವಿನ್ನನ ಗ್ರಂಥ ಹೊರಬರಲು ಇನ್ನೂ ಐದು ವರ್ಷವಿತ್ತು. ಬೈಬಲಿನ ಲೆಕ್ಕದಲ್ಲಿ ಸೃಷ್ಟಿಯ ವಯಸ್ಸನ್ನು ಕೆಲವೇ ಸಾವಿರ ವರ್ಷಗಳೆಂದು ನಂಬಿ ಬೆಳೆದ ಕುಟುಂಬಗಳು ಮಕ್ಕಳ ಕೈ ಹಿಡಿದು ಬಂದು ಮೆಗಲೋಸಾರಸ್ಸಿನ ಎದುರು ನಿಂತವು. ಕಾಲವೆಂಬುದು ಇಷ್ಟು ಆಳ ಎಂಬ ಅರಿವು ಸಾಮಾನ್ಯ ಮನುಷ್ಯನ ಕಣ್ಣಿಗೆ ಬಿದ್ದದ್ದು ಲೋಕದಲ್ಲಿ ಅದೇ ಮೊದಲು. ಇದಕ್ಕೂ ಮುಂಚೆ ಅಳಿದ ಪ್ರಾಣಿಗಳನ್ನು ನಿಜಗಾತ್ರದಲ್ಲಿ ಯಾರೂ ಕಟ್ಟಿರಲಿಲ್ಲ.

ಆ ಮೂರ್ತಿಗಳಲ್ಲಿ ಡೈನೋಸಾರ್‌ಗಳು ನಾಲ್ಕೇ: ಎರಡು ಇಗ್ವಾನೊಡಾನ್, ಒಂದು ಮೆಗಲೋಸಾರಸ್, ಒಂದು ಹೈಲಿಯೋಸಾರಸ್. ಉಳಿದವು ಮೇರಿ ಆನಿಂಗಳ ಬಂಡೆಗಳಿಂದ ಎದ್ದುಬಂದ ಇಕ್ತಿಯೋಸಾರ್ ಮತ್ತು ಪ್ಲೀಸಿಯೋಸಾರ್‌ಗಳು, ಮೊಸಳೆಯ ಮೂತಿಯ ಟೀಲಿಯೋಸಾರ್‌ಗಳು, ಹಾರುವ ಟೆರೊಡಾಕ್ಟಿಲ್‌ಗಳು. ಅವುಗಳಾಚೆ ಪ್ಯಾರಿಸ್ಸಿನ ಮಣ್ಣಿನಿಂದ ಕ್ಯೂವಿಯೆ ಗುರುತಿಸಿದ ಪುರಾತನ ಸಸ್ತನಿಗಳು, ದಕ್ಷಿಣ ಅಮೆರಿಕದ ದೈತ್ಯ ಮೆಗಥೀರಿಯಂ, ಹರಡಿದ ಕೊಂಬುಗಳ ಐರಿಷ್ ಎಲ್ಕ್. ಎಲ್ಕ್‌ಗಳ ತಲೆಗೆ ಮೊದಲು ಏರಿಸಿದ್ದು ನಿಜವಾದ ಪಳೆಯುಳಿಕೆ ಕೊಂಬುಗಳನ್ನೇ. ಮೆಗಥೀರಿಯಂ ಬದುಕಿರುವ ಮರವೊಂದನ್ನು ತಬ್ಬಿ ನಿಲ್ಲುವಂತೆ ಮಾಡಿದ್ದ; ಮರ ವರ್ಷ ವರ್ಷಕ್ಕೆ ದಪ್ಪವಾಗಿ ಮೂರ್ತಿಯ ತೋಳನ್ನೇ ಮುರಿದದ್ದು ಮುಂದಿನ ಮಾತು.

ಹತ್ತಿರ ಹೋಗಿ ನೋಡಬೇಕಾದ ಸಂಗತಿ ಇಲ್ಲಿದೆ. ಪಂಡಿತನಿಗಿದ್ದ ‘ಇದ್ದಿರಬಹುದು’ ಎಂಬ ಆಸರೆ ಶಿಲ್ಪಿಗಿರಲಿಲ್ಲ. ಮೂಗಿನ ಜಾಗದಲ್ಲಿ ಮೂಗನ್ನು ಇಡಲೇಬೇಕು, ಬೆನ್ನಿಗೆ ಒಂದು ಏರಿಳಿತ ಕೊಡಲೇಬೇಕು. ಮೆಗಲೋಸಾರಸ್ಸಿನದೆಂದು ತಿಳಿದಿದ್ದ ಕೆಲವು ಬೆನ್ನುಮಣಿಗಳ ಮೇಲೆ ಎತ್ತರದ ಮುಳ್ಳುಗಳಿದ್ದವು, ಆದ್ದರಿಂದ ಹಾಕಿನ್ಸ್ ಅದರ ಹೆಗಲ ಮೇಲೆ ಡುಬ್ಬ ಎತ್ತಿದ. ಆ ಮಣಿಗಳು ಬೇರೊಂದು ಪ್ರಾಣಿಯವು ಎಂಬುದು ಆಮೇಲೆ ತಿಳಿಯಿತು. ಇಗ್ವಾನೊಡಾನಿನ ಎಲುಬುಗಳ ಜೊತೆ ಸಿಕ್ಕಿದ್ದ ಚೂಪು ಮೂಳೆಯನ್ನು ಮ್ಯಾಂಟೆಲ್ ಮೂಗಿನ ಕೊಂಬೆಂದು ಭಾವಿಸಿದ್ದ, ಮೂರ್ತಿಯ ಮೂಗಿನ ಮೇಲೆ ಅದು ಕೊಂಬಾಗಿ ನಿಂತಿತು. ದಕ್ಷಿಣ ಆಫ್ರಿಕದ ಡೈಸಿನೊಡಾನ್‌ನ ತಲೆಬುರುಡೆ ಮಾತ್ರ ಗೊತ್ತಿತ್ತು, ಅದರ ಬಾಯಿ ಆಮೆಯದನ್ನು ಹೋಲುತ್ತಿತ್ತು. ಹಾಕಿನ್ಸ್ ಅದಕ್ಕೆ ಆಮೆಯ ಚಿಪ್ಪು ಹೊದಿಸಿದ. ಲ್ಯಾಬಿರಿಂಥೊಡಾನ್ ದೊಡ್ಡ ಕಪ್ಪೆಯಾಗಿ ಕುಳಿತಿತು.

ತನ್ನ ಕಾಲದ ಅರಿವು ಎಲ್ಲಿ ಮುಗಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಮೊಸಾಸಾರಸ್ ಎಂಬ ಕಡಲ ಪ್ರಾಣಿಯ ತಲೆ ಮಾತ್ರ ಅಂದು ಚೆನ್ನಾಗಿ ತಿಳಿದಿತ್ತು. ಹಾಕಿನ್ಸ್ ಅದರ ತಲೆ ಮತ್ತು ಬೆನ್ನಿನ ಮುಂಭಾಗವನ್ನಷ್ಟೇ ಕಟ್ಟಿ ಉಳಿದದ್ದನ್ನು ಕೆರೆಯ ನೀರಿಗೆ ಬಿಟ್ಟ. ದಡದಲ್ಲಿ ನಿಂತವನಿಗೆ ಈಜುತ್ತ ಬರುವ ಪ್ರಾಣಿ ಕಾಣುತ್ತದೆ, ಬಲ್ಲವನಿಗೆ 1854ರ ವಿಜ್ಞಾನ ಎಲ್ಲಿಗೆ ನಿಂತಿತ್ತೆಂಬ ಗೆರೆ ಕಾಣುತ್ತದೆ. ಶಿಲ್ಪಕಲೆಯ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಉಪಾಯವನ್ನು ನಾನು ಬೇರೆ ಕಂಡಿಲ್ಲ.

ಕಂಪನಿಯ ಹಣದ ಚೀಲ ಅಷ್ಟರಲ್ಲಿ ಬರಿದಾಗಿತ್ತು. 1855ರಲ್ಲಿ ಆಡಳಿತದವರು ಕೆಲಸ ನಿಲ್ಲಿಸಲು ಆಜ್ಞೆ ಮಾಡಿದರು. ಶೆಡ್ಡಿನಲ್ಲಿ ಅರ್ಧಕ್ಕೆ ಬಂದಿದ್ದ ಮ್ಯಾಮತ್ ಅಲ್ಲಿಗೇ ನಿಂತಿತು. ಹಾಕಿನ್ಸ್ ಉಪನ್ಯಾಸ ಮಾಡುತ್ತ, ಚಿತ್ರ ಬರೆಯುತ್ತ, ತನ್ನ ಮೂರ್ತಿಗಳ ಪುಟ್ಟ ಪ್ರತಿಗಳನ್ನು ಮಾಡಿ ಶಾಲೆ ಕಾಲೇಜುಗಳಿಗೆ ಒದಗಿಸುತ್ತ ದಿನ ದೂಡಿದ. ಮನೆಯ ಕಡೆ ಅವನ ಬದುಕು ನೇರವಾಗಿರಲಿಲ್ಲ. ಮೊದಲ ಹೆಂಡತಿ ಇರುವಾಗಲೇ 1836ರಲ್ಲಿ ಇನ್ನೊಬ್ಬಳನ್ನು ಮದುವೆಯಾಗಿ ಎರಡು ಸಂಸಾರ ನಡೆಸಿದ. ಆ ಗುಟ್ಟು ದಶಕಗಳ ಮೇಲೆ ರಟ್ಟಾಗಿ ಎರಡು ಮನೆಗಳನ್ನೂ ನೋಯಿಸಿತು. ಅದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ಸರಿಯಲ್ಲ.

1863ರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ನಿಸರ್ಗದಲ್ಲಿ ಮಾನವನ ಸ್ಥಾನವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಮುಖಚಿತ್ರದಲ್ಲಿ ಗಿಬ್ಬನ್, ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲಾ, ಮನುಷ್ಯ, ಈ ಐವರ ಅಸ್ಥಿಪಂಜರಗಳು ಒಂದರ ಹಿಂದೊಂದು ನಡೆದು ಬರುತ್ತವೆ. ವಿಕಾಸವಾದದ ಹೆಸರೆತ್ತಿದೊಡನೆ ಇಂದು ಜಗತ್ತಿನ ಕಣ್ಣಿಗೆ ಬರುವ ಸಾಲುಚಿತ್ರದ ಮೂಲಪುರುಷ ಅದು. ಸರ್ಜನ್ನರ ಕಾಲೇಜಿನ ಅಸ್ಥಿಪಂಜರಗಳನ್ನು ನೋಡಿ ಅದನ್ನು ಬರೆದವನು ಹಾಕಿನ್ಸ್, ವಿಕಾಸವಾದವನ್ನು ಕೊನೆಯವರೆಗೂ ಒಪ್ಪದ ಹಾಕಿನ್ಸ್. ನಂಬಿಕೆ ಏನೇ ಇರಲಿ, ಎಲುಬು ಹೇಗಿತ್ತೋ ಹಾಗೆ ಬರೆದ. ಅವನ ಕೈ ಅವನ ಮತಕ್ಕಿಂತ ದೊಡ್ಡದಾಗಿತ್ತು.

1868ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವನು ಅಟ್ಲಾಂಟಿಕ್ ದಾಟಿ ಉಪನ್ಯಾಸಗಳಿಗೆಂದು ಅಮೆರಿಕಕ್ಕೆ ಹೋದ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಆಡಳಿತದ ಪರವಾಗಿ ಆಂಡ್ರ್ಯೂ ಗ್ರೀನ್ ಅದೇ ವರ್ಷದ ಮೇ ತಿಂಗಳಲ್ಲಿ ಅವನಿಗೊಂದು ಪತ್ರ ಬರೆದ. ಸಿಡೆನ್‌ಹ್ಯಾಮಿನಲ್ಲಿ ಯೂರೋಪಿಗೆ ಮಾಡಿದ್ದನ್ನು ಇಲ್ಲಿ ಅಮೆರಿಕದ ಪುರಾತನ ಜೀವಿಗಳಿಗಾಗಿ ಮಾಡಿಕೊಡಬೇಕು ಎಂಬುದು ಕೋರಿಕೆ. ಗಾಜಿನ ಮೇಲ್ಛಾವಣಿಯ ಪುರಾಜೀವಿ ಸಂಗ್ರಹಾಲಯ, ಅದರ ನಡುವೆ ಆ ಖಂಡದ ಮಣ್ಣಿನಿಂದಲೇ ದೊರೆತ ಡೈನೋಸಾರ್‌ಗಳು, ಮಾಸ್ಟೊಡಾನ್‌ಗಳು, ದೈತ್ಯ ಸ್ಲಾತ್‌ಗಳು.

ಮೂರ್ತಿ ಮಾಡಲು ಎಲುಬು ಬೇಕು. ಎಲುಬು ಫಿಲಡೆಲ್ಫಿಯದ ನಿಸರ್ಗ ವಿಜ್ಞಾನ ಅಕಾಡೆಮಿಯಲ್ಲಿತ್ತು. ನ್ಯೂಜರ್ಸಿಯ ಹ್ಯಾಡನ್‌ಫೀಲ್ಡಿನ ಮಣ್ಣಿನ ಗುಂಡಿಯಲ್ಲಿ 1858ರಲ್ಲಿ ದೊರೆತ ಹ್ಯಾಡ್ರೊಸಾರಸ್ ಎಂಬ ಡೈನೋಸಾರಿನ ಎಲುಬುಗಳನ್ನು ಅಂಗರಚನಾಶಾಸ್ತ್ರಜ್ಞ ಜೋಸೆಫ್ ಲೈಡಿ ಅಲ್ಲಿ ಕಾಪಾಡಿದ್ದ. ಅದರ ಮುಂಗಾಲು ಸಣ್ಣದು, ಹಿಂಗಾಲು ದೊಡ್ಡದು. ಪ್ರಾಣಿ ಎದ್ದು ನಿಲ್ಲುತ್ತಿತ್ತೆಂದು ಲೈಡಿ ಬರೆದಿದ್ದ. ಈ ಎಲುಬುಗಳನ್ನು ಜೋಡಿಸಿ ನಿಲ್ಲಿಸುತ್ತೇನೆಂದು ಹಾಕಿನ್ಸ್ ಮುಂದೆ ಬಂದ. ಇಲ್ಲದ ಮೂಳೆಗಳನ್ನು ಗಾರೆಯಲ್ಲಿ ಮಾಡಿದ. ಒಂದು ಬದಿಯದಿದ್ದರೆ ಇನ್ನೊಂದು ಬದಿಗೆ ಅದರ ಪ್ರತಿಬಿಂಬವನ್ನು ಕಡೆದ. ತಲೆಬುರುಡೆ ಸಿಕ್ಕಿರಲಿಲ್ಲ, ಬದುಕಿರುವ ಇಗ್ವಾನಾ ಓತಿಯದನ್ನು ನೋಡಿ ದೊಡ್ಡದಾಗಿ ರೂಪಿಸಿದ. ನಿಲುವಿಗೆ ಕಾಂಗರೂವಿನ ಎಲುಬುಗೂಡನ್ನು ಎದುರಿಗಿಟ್ಟುಕೊಂಡ. 1868ರ ನವೆಂಬರಿನಲ್ಲಿ ಪರದೆ ಸರಿಯಿತು. ಜೋಡಿಸಿ ನಿಲ್ಲಿಸಿದ ಡೈನೋಸಾರ್ ಅಸ್ಥಿಪಂಜರವನ್ನು ಮನುಷ್ಯರು ಕಂಡದ್ದು ಅಂದೇ ಮೊದಲು. ಹದಿನಾಲ್ಕು ವರ್ಷ ಹಿಂದೆ ಡೈನೋಸಾರನ್ನು ನಾಲ್ಕು ಕಂಬದ ಮೇಲೆ ನಿಲ್ಲಿಸಿದ ಅದೇ ಕೈ ಈಗ ಅದನ್ನು ಎರಡು ಕಾಲಿನ ಮೇಲೆ ಎಬ್ಬಿಸಿತ್ತು. ನೋಡಲು ಬಂದ ಜನಜಂಗುಳಿಯ ಧೂಳು ಗದ್ದಲ ತಾಳಲಾರದೆ ಅಕಾಡೆಮಿ ಪ್ರವೇಶ ಶುಲ್ಕ ವಿಧಿಸಬೇಕಾಯಿತು. ಆ ಅಸ್ಥಿಪಂಜರದ ಎರಕದ ಪ್ರತಿಗಳು ಮುಂದೆ ಪ್ರಿನ್ಸ್‌ಟನ್, ವಾಷಿಂಗ್ಟನ್ ಮತ್ತು ಸ್ಕಾಟ್ಲೆಂಡಿನ ಎಡಿನ್‌ಬರೋ ತಲುಪಿದವು.

ನ್ಯೂಯಾರ್ಕಿನಲ್ಲಿ ಕೆಲಸ ಭರದಿಂದ ಸಾಗಿತ್ತು. ಪಾರ್ಕಿನ ಪಶ್ಚಿಮ ಅಂಚಿನಲ್ಲಿ ಕಟ್ಟಡದ ತಳಪಾಯ ಬಿದ್ದಿತ್ತು, ಶಿಲ್ಪಶಾಲೆಯಲ್ಲಿ ಮೂರ್ತಿಗಳು ಏಳುತ್ತಿದ್ದವು. 1870ರಲ್ಲಿ ನಗರದ ಆಡಳಿತದ ಸನ್ನದು ಬದಲಾಗಿ ಅಧಿಕಾರ ರಾಜಕಾರಣಿ ವಿಲಿಯಂ ಟ್ವೀಡ್‌ನ ಕೂಟದ ಕೈಗೆ ಬಂತು. ಹಳೆಯ ಪಾರ್ಕ್ ಆಯೋಗ ರದ್ದಾಯಿತು. ಖರ್ಚು ಅತಿಯಾಯಿತೆಂಬ ಕಾರಣ ಕೊಟ್ಟು ಹೊಸ ಮಂಡಳಿ ವರ್ಷದ ಕೊನೆಗೆ ಯೋಜನೆಯನ್ನು ಕೈಬಿಟ್ಟಿತು. ಹಾಕಿನ್ಸ್ ಸುಮ್ಮನಿರಲಿಲ್ಲ. 1871ರ ಮಾರ್ಚಿನಲ್ಲಿ ವಿದ್ವಾಂಸರ ಸಭೆಯಲ್ಲಿ ತನಗಾದ ಅನ್ಯಾಯವನ್ನು ಬಹಿರಂಗವಾಗಿ ಹೇಳಿದ, ಪತ್ರಿಕೆಗಳಲ್ಲಿ ಅದು ವರದಿಯಾಯಿತು.

ಅದೇ ವರ್ಷದ ಮೇ 3ರಂದು ಆಳುಗಳು ಸುತ್ತಿಗೆಗಳನ್ನು ಹಿಡಿದು ಅವನ ಶಿಲ್ಪಶಾಲೆಗೆ ನುಗ್ಗಿದರು. ಪೂರ್ಣಗೊಂಡ ಮೂರ್ತಿಗಳು, ಅಚ್ಚುಗಳು, ಸಣ್ಣ ಮಾದರಿಗಳು ಒಂದನ್ನೂ ಬಿಡದೆ ಒಡೆದು ಪುಡಿಗಟ್ಟಿದರು. ಚೂರುಗಳನ್ನು ಗಾಡಿಯಲ್ಲಿ ಹೇರಿ ಪಾರ್ಕಿನ ಮಣ್ಣಿನಲ್ಲಿ ಹೂತರು. ಭೂಮಿಯ ಒಡಲಿನಿಂದ ಎದ್ದುಬಂದ ಜೀವಗಳು ಎರಡನೆಯ ಸಲ ಮಣ್ಣು ಸೇರಿದವು. ಮೂರು ವರ್ಷಗಳ ದುಡಿಮೆ ಅಳಿಸಿಹೋಯಿತು. ನೂರೈವತ್ತು ವರ್ಷ ಇದರ ಹೊಣೆಯನ್ನು ಟ್ವೀಡ್‌ನ ತಲೆಗೆ ಕಟ್ಟಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಕ್ಟೋರಿಯಾ ಕೋಲ್ಸ್ ಮತ್ತು ಮೈಕೆಲ್ ಬೆಂಟನ್ ಹಳೆಯ ದಾಖಲೆಗಳನ್ನು ತಿರುವಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೆಸರನ್ನು ಹೇಳಿತು. ಒಡೆಸಿದವನು ಪಾರ್ಕ್ ಮಂಡಳಿಯ ಖಜಾಂಚಿ ಹೆನ್ರಿ ಹಿಲ್ಟನ್. ಕಂಚಿನ ಪ್ರತಿಮೆಗೆ, ತಿಮಿಂಗಿಲದ ಅಸ್ಥಿಪಂಜರಕ್ಕೆ ಬಿಳಿ ಬಣ್ಣ ಬಳಿಸಿದ ಮನುಷ್ಯ ಅವನು. ಪ್ರಾಚೀನ ವಸ್ತುವಿನ ಬೆಲೆ ತಿಳಿಯದವನ ಕೈಗೆ ಅಧಿಕಾರ ಸಿಕ್ಕರೆ ಏನಾಗುತ್ತದೆಂದು ಆ ದಿನ ನ್ಯೂಯಾರ್ಕ್ ಕಂಡಿತು. ಇಂಥ ದಿನಗಳನ್ನು ಬೇರೆ ಊರುಗಳೂ ಕಂಡಿವೆ.

ಬೇರೆಯವನಾಗಿದ್ದರೆ ಅಲ್ಲಿಗೆ ಉಳಿ ಕೆಳಗಿಡುತ್ತಿದ್ದ. ಹಾಕಿನ್ಸ್ ಪ್ರಿನ್ಸ್‌ಟನ್ನಿನ ಕಾಲೇಜಿಗೆ ಹೋದ. ಅಲ್ಲಿನ ಭೂವಿಜ್ಞಾನಿ ಆರ್ನಲ್ಡ್ ಗೀಯೋ ತನ್ನ ಸಂಗ್ರಹಾಲಯಕ್ಕೆ ಭೂಮಿಯ ಯುಗಗಳ ವರ್ಣಚಿತ್ರಮಾಲೆ ಬೇಕೆಂದ. ಮಣ್ಣು ಸಿಮೆಂಟು ಬಿಟ್ಟು ಕುಂಚ ಹಿಡಿದ ಶಿಲ್ಪಿ 1870ರ ದಶಕದ ನಡುವೆ ಹದಿನೇಳು ಚಿತ್ರಗಳನ್ನು ಬರೆದುಕೊಟ್ಟ. ನ್ಯೂಜರ್ಸಿಯ ಕ್ರಿಟೇಷಿಯಸ್ ಯುಗದ ಚಿತ್ರದಲ್ಲಿ ಬೇಟೆಗಾರ ಡೈನೋಸಾರ್‌ಗಳು ಎರಡು ಕಾಲಿನ ಮೇಲೆ ಜಿಗಿಯುತ್ತವೆ. ಸೆಂಟ್ರಲ್ ಪಾರ್ಕಿನಲ್ಲಿ ಪುಡಿಯಾದ ಕನಸು ಅಷ್ಟರಮಟ್ಟಿಗೆ ಬಟ್ಟೆಯ ಮೇಲೆ ಉಳಿದುಕೊಂಡಿತು.

1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರು 300 ಮೀಟರಿಗೂ ಕೆಳಗಿನ ಆಳದಲ್ಲಿ ಇಗ್ವಾನೊಡಾನ್‌ಗಳ ಗುಂಪಿಗೇ ಎಡತಾಕಿದರು. ತುಣುಕುಗಳಲ್ಲ, ಇಡೀ ಅಸ್ಥಿಪಂಜರಗಳು. ಪುರಾಜೀವಿಗಳ ವಿಜ್ಞಾನಿ ಲೂಯಿ ದೊಲ್ಲೊ ಅವುಗಳನ್ನು ಅಧ್ಯಯನ ಮಾಡಿ ನಿಲ್ಲಿಸಿದಾಗ ಮೂಗಿನ ಕೊಂಬು ಎಂದು ಲೋಕ ತಿಳಿದಿದ್ದದ್ದು ಹೆಬ್ಬೆರಳಿನ ಮುಳ್ಳೆಂದು ಸ್ಥಿರವಾಯಿತು. ಸಿಡೆನ್‌ಹ್ಯಾಮಿನ ಮೂರ್ತಿಗಳು ಅಲ್ಲಿಂದ ಮುಂದೆ ಹಲವರ ಹಾಸ್ಯಕ್ಕೆ ಈಡಾದವು. ಇಂಗ್ಲೆಂಡಿಗೆ ಮರಳಿದ್ದ ಹಾಕಿನ್ಸ್ 1894ರ ಜನವರಿ 27ರಂದು ತೀರಿಕೊಂಡ. ಬಹುಕಾಲ ಪುಸ್ತಕಗಳು ಅವನ ಸಾವಿನ ವರ್ಷವನ್ನು 1889 ಎಂದು ತಪ್ಪಾಗಿಯೇ ಬರೆದವು.

1936ರ ನವೆಂಬರ್ 30ರ ರಾತ್ರಿ ಸ್ಫಟಿಕದ ಅರಮನೆಗೆ ಬೆಂಕಿ ಬಿತ್ತು. ಗಾಜು ಕಬ್ಬಿಣದ ಆ ಮಹಾಸೌಧ ಬೆಳಗಾಗುವುದರೊಳಗೆ ಅಸ್ಥಿಪಂಜರವಾಯಿತು. ಗುಡ್ಡದ ಕೆಳಗಿನ ಕೆರೆಯಲ್ಲಿ ಇಟ್ಟಿಗೆ ಹೆಂಚುಗಳ ಒಡಲು ಹೊತ್ತ ಪ್ರಾಣಿಗಳು ಉಳಿದವು. ದಶಕಗಳ ಕಾಲ ಗಿಡಗಂಟಿ ಅವುಗಳನ್ನು ಮುಚ್ಚಿತ್ತು. ಕೆಲವು ಮುರಿದವು, ಕೆಲವು ಕಳೆದುಹೋದವು. ತಪ್ಪುಗಳೆಂದು ನಕ್ಕಿದ್ದ ರೂಪಗಳ ಬೆಲೆ ಮೆಲ್ಲಗೆ ತಿಳಿಯತೊಡಗಿತು. 1854ರಲ್ಲಿ ಮನುಷ್ಯ ಏನನ್ನು ಬಲ್ಲವನಾಗಿದ್ದ, ಏನನ್ನು ಊಹಿಸಿದ್ದ, ಎಲ್ಲಿ ನಿಂತಿದ್ದ ಎಂಬುದು ಅಷ್ಟು ಸ್ಪಷ್ಟವಾಗಿ ಯಾವ ಗ್ರಂಥದಲ್ಲೂ ಇರಲಿಲ್ಲ. 1973ರಲ್ಲಿ ಮೂರ್ತಿಗಳು ರಕ್ಷಿತ ಸ್ಮಾರಕಗಳಾದವು. 2002ರಲ್ಲಿ ದೊಡ್ಡ ಪ್ರಮಾಣದ ಜೀರ್ಣೋದ್ಧಾರ ನಡೆಯಿತು. 2007ರಲ್ಲಿ ಇಂಗ್ಲೆಂಡಿನ ಅತ್ಯುಚ್ಚ ಶ್ರೇಣಿಯ ಸ್ಮಾರಕಗಳ ಸಾಲಿಗೆ ಅವುಗಳನ್ನು ಏರಿಸಿದರು. ಹೈಲಿಯೋಸಾರಸ್ಸಿನ ಮೂಲ ತಲೆಯ ಭಾರವನ್ನು ಕುತ್ತಿಗೆ ತಾಳಲಾರದೆಂದು ಅದರ ಜಾಗದಲ್ಲಿ ಹಗುರವಾದ ಪ್ರತಿಯನ್ನು ಕೂರಿಸಿ, ಹಾಕಿನ್ಸ್ ಮಾಡಿದ ತಲೆಯನ್ನು ಉದ್ಯಾನದಲ್ಲಿಯೇ ನೆಲದ ಮೇಲೆ ಇಟ್ಟಿದ್ದಾರೆ. 2020ರಲ್ಲಿ ಮೆಗಲೋಸಾರಸ್ಸಿನ ಮೂತಿ ಕಳಚಿ ಬಿದ್ದಾಗ ಅಭಿಮಾನಿಗಳು ಹಣ ಕೂಡಿಸಿದರು, ಮರುವರ್ಷ ಅದಕ್ಕೆ ಮತ್ತೆ ಮೂತಿ ಬಂತು.

ಕಳೆದುಹೋದವುಗಳಲ್ಲಿ ಪೇಲಿಯೋಥೀರಿಯಂ ಎಂಬ ಸಸ್ತನಿಯ ದೊಡ್ಡ ಮೂರ್ತಿಯೂ ಒಂದು. 2023ರಲ್ಲಿ ಪುರಾಜೀವಿಗಳ ಕಲಾವಿದ ಬಾಬ್ ನಿಕಲ್ಸ್ ಅದನ್ನು ಹೊಸದಾಗಿ ಮಾಡಿ ದ್ವೀಪದ ಮೇಲೆ ನಿಲ್ಲಿಸಿದ. ಆ ಪ್ರಾಣಿ ನಿಜವಾಗಿ ಹೇಗಿತ್ತೆಂಬುದು ಈ ಒಂದೂವರೆ ಶತಮಾನದಲ್ಲಿ ಎಷ್ಟೋ ತಿಳಿದಿದೆ, ಹಾಕಿನ್ಸ್ ಕೊಟ್ಟ ಸೊಂಡಿಲಿನಂಥ ಮೂಗು ಅದಕ್ಕಿರಲಿಲ್ಲ. ನಿಕಲ್ಸ್ ಆ ಹೊಸ ಅರಿವನ್ನು ಬದಿಗಿಟ್ಟು, ಹಳೆಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು, ಹಾಕಿನ್ಸ್ ಮಾಡಿದ್ದಂತೆಯೇ ಸೊಂಡಿಲಿನ ಸಮೇತ ಅದನ್ನು ಕಟ್ಟಿದ.